ಮೈಸೂರಿನಿಂದ ಕಿಕ್ಕೇರಿಗೆ: ಮೊಬೈಲ್ ನಕ್ಷೆಯೂ ಊರವರ ಮಾತೂ

ಮೈಸೂರಿನಿಂದ ಬೆಳಿಗ್ಗೆ ಆರಕ್ಕೆ ಹೊರಟರೆ ಕೆರೆತೊಣ್ಣೂರು, ಮೇಲುಕೋಟೆ, ಹೊಸಹೊಳಲು, ಕಿಕ್ಕೇರಿ ಮತ್ತು ಗೋವಿಂದನಹಳ್ಳಿಗಳನ್ನು ಒಂದೇ ದಿನದಲ್ಲಿ ನೋಡಿ ಬರಬಹುದು. ಕಳೆದ ಕಾರ್ತೀಕದಲ್ಲಿ ನಾವು ಹಾಗೆ ಹೋದೆವು. ಕಾರು ಓಡಿಸಿದವರು ನಮ್ಮ ಭಾವ. ಪಕ್ಕದಲ್ಲಿ ಮೊಬೈಲ್ ಹಿಡಿದು ಕುಳಿತವನು ನಾನು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಯನ್ನು ಭಾವ ಆ ದಿನ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ಮೊದಲ ಎಡವಟ್ಟು ಪಾಂಡವಪುರದ ಆಚೆಗೇ ಆಯಿತು. ಆರು ನಿಮಿಷ ಉಳಿಯುತ್ತದೆಂದು ನಕ್ಷೆ ತೋರಿಸಿದ ಅಡ್ಡದಾರಿಯನ್ನು ನಾನು ಒಪ್ಪಿಕೊಂಡೆ. ಗದ್ದೆ ಬಯಲು ದಾಟಿದ ಮೇಲೆ ಆ ದಾರಿ ನಾಲೆಯ ಏರಿಯನ್ನು ಹತ್ತಿತು. ಒಂದು ಕಡೆ ತುಂಬಿ ಹರಿಯುವ ನೀರು, ಇನ್ನೊಂದು ಕಡೆ ತಗ್ಗಿನ ಗದ್ದೆ, ತಡೆಗೋಡೆ ಇಲ್ಲ, ಎದುರಿಗೆ ಕಬ್ಬು ಹೇರಿಕೊಂಡ ಎತ್ತಿನ ಗಾಡಿ. "ಇದು ನಾಲೆ ಏರಿ ಕಣಪ್ಪ, ಕಾರು ಹೋಗೊ ದಾರಿ ಅಲ್ಲ" ಎಂದ ಗಾಡಿಯವರು ಗಾಡಿ ನಿಲ್ಲಿಸಿ, ಕೆಳಗಿಳಿದು, ಕೈಸನ್ನೆ ಮಾಡುತ್ತಾ ನಮ್ಮನ್ನು ಅರ್ಧ ಕಿಲೋಮೀಟರ್ ಹಿಮ್ಮುಖವಾಗಿ ನಡೆಸಿದರು. ಇದೇ ತಾಲ್ಲೂಕಿನ ಕನಗನಮರಡಿಯ ಬಳಿ 2018ರ ನವೆಂಬರಿನಲ್ಲಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ತೀರಿಕೊಂಡದ್ದು ನೆನಪಿದ್ದವರು ಆ ಆರು ನಿಮಿಷದ ಆಸೆಗೆ ಬೀಳಬಾರದು. ರಸ್ತೆ ಎಷ್ಟು ಅಗಲವಿದೆ, ಪಕ್ಕದಲ್ಲಿ ಏನಿದೆ ಎಂಬುದು ನಕ್ಷೆಯ ಗೆರೆಯಲ್ಲಿ ಕಾಣುವುದಿಲ್ಲ. ಆದ್ದರಿಂದ ಮಂಡ್ಯ ಜಿಲ್ಲೆಯಲ್ಲಿ ಊರಿಂದ ಊರಿಗೆ ಬಸ್ಸು ಓಡಾಡುವ ರಸ್ತೆಯನ್ನೇ ಹಿಡಿಯಿರಿ. ನಕ್ಷೆ ನೀಲಿ ಗೆರೆಯ ಪಕ್ಕದಲ್ಲೇ ನಾಲೆಯನ್ನು ತೋರಿಸುತ್ತಿದ್ದರೆ ಹಳೆಯ ದಾರಿಯಲ್ಲೇ ಮುಂದುವರಿಯಿರಿ.

ಹೊರಡುವ ಹಿಂದಿನ ರಾತ್ರಿ ಈ ಭಾಗದ ನಕ್ಷೆಯನ್ನು ಮೊಬೈಲಿಗೆ ಇಳಿಸಿಕೊಳ್ಳುವುದು ಒಳ್ಳೆಯದು. ನಾವು ಎಲ್ಲಿದ್ದೇವೆ ಎಂಬುದನ್ನು ಮೊಬೈಲ್ ಉಪಗ್ರಹಗಳಿಂದಲೇ ತಿಳಿದುಕೊಳ್ಳುತ್ತದೆ, ಅದಕ್ಕೆ ಇಂಟರ್ನೆಟ್ ಬೇಡ. ನಕ್ಷೆಯ ಚಿತ್ರ ಮೂಡುವುದಕ್ಕೆ ಮಾತ್ರ ಬೇಕು. ಊರ ಹೆಸರನ್ನು ಇಂಗ್ಲಿಷಿನಲ್ಲಿ ಹುಡುಕುವುದಕ್ಕಿಂತ ಕನ್ನಡದಲ್ಲಿ ಬರೆದು ಹುಡುಕಿರಿ. ತೊಣ್ಣೂರನ್ನು ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಾಗಿ ಬರೆಯುತ್ತಾರೆ, ಕೆರೆಗೆ ಮೋತಿ ತಲಾಬ್ ಎಂಬ ಹೆಸರೂ ಇದೆ.

ದಾರಿ ಕೇಳುವುದಕ್ಕೂ ಒಂದು ಕ್ರಮವಿದೆ. "ಇದು ಹೊಸಹೊಳಲಿಗೆ ಹೋಗುವ ದಾರಿಯೇ?" ಎಂದು ಕೇಳಿದರೆ ಪರಸ್ಥಳದವರನ್ನು ನಿರಾಸೆಗೊಳಿಸಬಾರದೆಂದು ಹೌದು ಎಂದುಬಿಡುವವರು ಇದ್ದಾರೆ, "ಹೊಸಹೊಳಲಿಗೆ ಯಾವ ದಾರಿ?" ಎಂದೇ ಕೇಳಬೇಕು. ದೂರದ ವಿಷಯದಲ್ಲಿ ಮಾತ್ರ ಅವರನ್ನು ನಂಬದೆ ಮೊಬೈಲನ್ನು ನಂಬಿರಿ, ಏಕೆಂದರೆ ಇಲ್ಲಿ "ಇಲ್ಲೇ" ಎಂದರೆ ಎರಡು ಫರ್ಲಾಂಗೂ ಆಗಬಹುದು, ಎರಡು ಮೈಲಿಯೂ ಆಗಬಹುದು.

ಮೇಲುಕೋಟೆ ತಲುಪಿದ ಮೇಲೆ ಮೊಬೈಲನ್ನು ಜೇಬಿಗೆ ಹಾಕಿದೆವು. ಕಲ್ಯಾಣಿ, ಚೆಲುವನಾರಾಯಣನ ಗುಡಿ, ಯೋಗಾನರಸಿಂಹನ ಬೆಟ್ಟ ಎಲ್ಲಿಂದಲಾದರೂ ಗುರುತು ಸಿಗುವ ಊರದು. ದಾರಿ ತಪ್ಪುವುದಕ್ಕೂ ಕಷ್ಟಪಡಬೇಕು. ಮಧ್ಯಾಹ್ನ ಗುಡಿಯ ಬಾಗಿಲು ಹಾಕಿದ ಹೊತ್ತಿನಲ್ಲಿ, ಪುಳಿಯೋಗರೆ ಗೊಜ್ಜಿನ ವಾಸನೆ ಬಂದ ಬೀದಿಯನ್ನು ಹಿಡಿದು ಸುಮ್ಮನೆ ನಡೆದೆವು. ಊಟವೂ ಸಿಕ್ಕಿತು, ಗೋಪುರವೇ ಏರದೆ ಎತ್ತರದ ಕಂಬಗಳಲ್ಲೇ ನಿಂತುಹೋದ ರಾಯಗೋಪುರವೂ ಸಿಕ್ಕಿತು. ಅಲ್ಲಿಂದ ಅಕ್ಕತಂಗಿ ಕೊಳಗಳನ್ನು ತೋರಿಸಿದವರು ಮೇಕೆ ಮೇಯಿಸುತ್ತಿದ್ದ ಹುಡುಗರು. ಈ ಊರಿಗೆ ಎರಡು ಗಂಟೆಯಾದರೂ ಕೊಡಿ.

ಹೊಸಹೊಳಲು ಕೆ.ಆರ್. ಪೇಟೆಗೆ ಅಂಟಿಕೊಂಡಂತೆಯೇ ಇದೆ. ಸುಮಾರು 1250ರ ಲಕ್ಷ್ಮೀನಾರಾಯಣ ದೇವಾಲಯದ ಒಳಗೆ ಮೂರು ಗರ್ಭಗುಡಿಗಳಿದ್ದರೂ ಹೊರಗೆ ಶಿಖರ ಒಂದೇ. ಊರ ಮನೆಗಳ ನಡುವೆ ಅದನ್ನು ದೂರದಿಂದ ಗುರುತಿಸಲಾಗದೆ ನಾವು ಎರಡು ಸುತ್ತು ಹಾಕಿದೆವು. "ಕಲ್ಲಿನ ಗುಡಿ ಎಲ್ಲಿ?" ಎಂದ ಕೂಡಲೇ ಅಂಗಡಿಯವರು ಕೈ ತೋರಿಸಿದರು. ಕಿಕ್ಕೇರಿಯ ಬ್ರಹ್ಮೇಶ್ವರ 1171ರಲ್ಲಿ ಬಮ್ಮವೆ ನಾಯಕಿತಿ ಎಂಬಾಕೆ ಕಟ್ಟಿಸಿದ ಗುಡಿ. ಅಲ್ಲಿಯ ತನಕ ನಕ್ಷೆ ಸರಿಯಾಗಿಯೇ ಕರೆದೊಯ್ಯಿತು.

ಐದು ಗರ್ಭಗುಡಿಗಳು ಸಾಲಾಗಿರುವ ಗೋವಿಂದನಹಳ್ಳಿಯ ಪಂಚಲಿಂಗೇಶ್ವರದ ಮುಂದೆಯೂ ಮೊಬೈಲ್ "ತಲುಪಿದ್ದೀರಿ" ಎಂದಿತು, ಆದರೆ ಬಾಗಿಲಿಗೆ ಬೀಗವಿತ್ತು. ಎದುರು ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ, "ಕುಂತ್ಕಳಿ ಸ್ವಾಮಿ, ಬೀಗದ ಕೈ ತರುಸ್ತೀನಿ" ಎಂದು ಮೊಮ್ಮಗನನ್ನು ಓಡಿಸಿದರು. ಕಾವಲಿನವರು ತೋಟದಿಂದ ಬರಲು ಇಪ್ಪತ್ತು ನಿಮಿಷವಾಯಿತು. ಅಷ್ಟು ಹೊತ್ತನ್ನು ಲೆಕ್ಕದಲ್ಲಿಟ್ಟುಕೊಂಡು ನಾಲ್ಕು ಗಂಟೆಯೊಳಗೆ ಅಲ್ಲಿರಿ. ಬೆಳಕು ಇಳಿದ ಮೇಲೆ ಒಳಗಿನ ಕೆತ್ತನೆ ಕಾಣುವುದಿಲ್ಲ. ಮರಳುವಾಗ ಕೆ.ಆರ್. ಪೇಟೆ, ಚಿನಕುರಳಿ, ಪಾಂಡವಪುರದ ದೊಡ್ಡ ರಸ್ತೆಯಲ್ಲೇ ಬನ್ನಿ. ನಕ್ಷೆ ಆ ಸಂಜೆಯೂ ಇನ್ನೊಂದು ಅಡ್ಡದಾರಿ ತೋರಿಸಿತ್ತು. ಭಾವ ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂದಿನ ಸೀಟಿಗೆ ಹಾಕಿದರು.