ಹೊಟ್ಟೆ ಸೀಳಿದ ‘ಧ’ ಲೋಕಲ್ ಟ್ರೇನಿನಲ್ಲೂ ಕಾಣಬೇಕು

ಕನ್ನಡದಲ್ಲಿ ವೆಬ್‌ಕಾಮಿಕ್ ಶುರು ಮಾಡುವವರು ಮೊದಲು ಕೇಳುವುದು ‘ಕಾಮಿಕ್ ಥರ ಕಾಣೋ ಫಾಂಟ್ ಯಾವುದಿದೆ?’ ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಓದುವವರನ್ನು ಕಣ್ಣ ಮುಂದೆ ತಂದುಕೊಳ್ಳಿ. ಮುಂಬಯಿಯ ಓದುಗರು ಡೊಂಬಿವಲಿಯಿಂದ ಹೊರಟ ಫಾಸ್ಟ್ ಲೋಕಲ್‌ನಲ್ಲಿ ಒಂದು ಕೈಯಲ್ಲಿ ಮೇಲಿನ ಹಿಡಿಕೆ, ಇನ್ನೊಂದರಲ್ಲಿ ಫೋನ್ ಹಿಡಿದು ನಿಂತಿರುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಮಂದಿ ಶಾಲೆಯಲ್ಲಿ ಕಲಿತದ್ದು ದೇವನಾಗರಿ. ಕನ್ನಡ ಅಕ್ಷರ ಮನೆಯಲ್ಲಿ ಅಮ್ಮ ತಿದ್ದಿಸಿದ್ದು. ಅವರು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾರೆ. ಅಂಥವರಿಗೆ ‘ಧನ’ ಹೋಗಿ ‘ದನ’ ಕಂಡರೆ ಆ ಚೌಕದ ತಮಾಷೆ ಅಲ್ಲಿಗೇ ಮುಗಿಯಿತು.

ಹಾಗಾಗಿ ಮೊದಲ ಪರೀಕ್ಷೆ ಮಹಾಪ್ರಾಣದ್ದು. ಮೇಷ್ಟರು ‘ಹೊಟ್ಟೆ ಸೀಳು’ ಎಂದು ಹೇಳಿಕೊಡುತ್ತಿದ್ದ ಆ ಸಣ್ಣ ಗೆರೆ ಒಂದೇ ದ-ಧ, ಡ-ಢ, ಪ-ಫಗಳನ್ನು ಬೇರೆ ಮಾಡುವುದು. ಫಾಂಟ್ ದಪ್ಪವಾದಷ್ಟೂ ಸೀಳಿನ ಸುತ್ತಲಿನ ಬಿಳಿ ಜಾಗ ಕಿರಿದಾಗುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ದೊಡ್ಡದಾಗಿ ನೋಡಿದಾಗ ಚೆನ್ನಾಗಿಯೇ ಕಾಣುವ ದಪ್ಪ ದುಂಡು ಅಕ್ಷರ ಫೋನಿನಲ್ಲಿ ಮಸಿಯ ಉಂಡೆಯಾಗುವುದು ಇದರಿಂದಲೇ. ‘ಷ’ದ ಒಳಗೆರೆಗೂ ಇದೇ ಗತಿ, ಅದು ‘ಪ’ ಆಗಿಬಿಡುತ್ತದೆ. ಸಾಫ್ಟ್‌ವೇರಿನ ಕೃತಕ ಬೋಲ್ಡ್ ಇನ್ನೂ ಕೆಟ್ಟದ್ದು. ಅದು ಅಕ್ಷರದ ಸುತ್ತ ಗೆರೆ ಹೆಚ್ಚಿಸುತ್ತದೆಯೇ ಹೊರತು ಒಳಗಿನ ಜಾಗವನ್ನು ಉಳಿಸುವುದಿಲ್ಲ. ದಪ್ಪ ಬೇಕಿದ್ದರೆ ದಪ್ಪವಾಗಿಯೇ ಬರೆದ ತೂಕ (ಗೆರೆಯ ದಪ್ಪದ ಮಟ್ಟ) ಇರುವ ಫಾಂಟ್ ತೆಗೆದುಕೊಳ್ಳಿ.

ಪರೀಕ್ಷೆಗೆ ‘ಕನ್ನಡ’ ಅಂತ ಟೈಪ್ ಮಾಡಿ ನೋಡಿದರೆ ಏನೂ ತಿಳಿಯುವುದಿಲ್ಲ, ಯಾವ ಫಾಂಟಿನಲ್ಲೂ ಅದು ಚಂದವೇ. ಈ ಸಾಲು ಹಾಕಿ: ಮಹಾರಾಷ್ಟ್ರ, ಧೋಬಿ ಘಾಟ್, ಢೋಲು, ಚರ್ಚ್‌ಗೇಟ್‌ನಿಂದ, ಕುರ್ಲಾ, ಫಾಸ್ಟ್, ಸ್ತ್ರೀ, ಕೃಷ್ಣ, ಪುಣೆ, ರ‍್ಯಾಂಕ್. ಇದರಲ್ಲಿ ಎರಡಂತಸ್ತಿನ ಒತ್ತು, ಅರ್ಕಾವತ್ತು, ವಟ್ರಸುಳಿ, ‘ಪು’ವಿನ ಬೇರೆ ಥರದ ಕೊಂಬು, ಅರ್ಧಾಕ್ಷರ ಎಲ್ಲವೂ ಇವೆ. ಇದನ್ನು ಚಿತ್ರವಾಗಿ ಉಳಿಸಿ ಫೋನಿಗೆ ಕಳಿಸಿ, ಬೆಳಕು ಅರ್ಧಕ್ಕೆ ಇಳಿಸಿ, ಕೈ ನೀಡಿ ಹಿಡಿದು ಓದಿ. ಎಲ್ಲಿ ತಡವರಿಸಿದಿರೋ ಫಾಂಟ್ ಅಲ್ಲಿ ಸೋತಿತು.

ಗಾತ್ರದ ವಿಷಯದಲ್ಲಿ ಪಾಯಿಂಟ್ ಸಂಖ್ಯೆಯನ್ನು ನಂಬಬೇಡಿ. ಒಂದೇ 36 ಪಿಕ್ಸೆಲ್ ಕೊಟ್ಟರೂ ಒಂದು ಫಾಂಟಿನ ‘ಅ’ ಎತ್ತರವಾಗಿರುತ್ತದೆ, ಇನ್ನೊಂದರದ್ದು ಕುಳ್ಳ. ಮೇಲಿನ ಗುಡಿಸು, ಕೆಳಗಿನ ಒತ್ತುಗಳಿಗೆ ಬಿಡುವ ಜಾಗ ಒಂದೊಂದರಲ್ಲಿ ಒಂದೊಂದು ಥರ. ಅಕ್ಷರದ ಮೈಯನ್ನೇ ಅಳೆಯಿರಿ. ಉದ್ದಕ್ಕೆ ಸರಿಸಿ ಓದುವ ಕಾಮಿಕ್‌ಗೆ 800 ಪಿಕ್ಸೆಲ್ ಅಗಲ ರೂಢಿಯಲ್ಲಿದೆ. ಫೋನಿನ ಪರದೆ ಸುಮಾರು 68 ಮಿಲಿಮೀಟರ್ ಅಗಲವಿದ್ದರೆ 20 ಪಿಕ್ಸೆಲ್ ಎತ್ತರದ ‘ಅ’ ಅಲ್ಲಿ 1.7 ಮಿಲಿಮೀಟರ್ ಆಗುತ್ತದೆ. ಅದಕ್ಕಿಂತ ಕೆಳಗೆ ಹೋಗಬೇಡಿ. ಹೆಚ್ಚಿನ ಫಾಂಟ್‌ಗಳಲ್ಲಿ ಇದಕ್ಕೆ 34ರಿಂದ 40ರ ಗಾತ್ರ ಬೇಕಾಗುತ್ತದೆ.

ಇನ್ನು ಯಾವ ಫಾಂಟ್? ಸಂಭಾಷಣೆಗೆ ನನ್ನ ಮೊದಲ ಆಯ್ಕೆ ಅನೇಕ್ ಕನ್ನಡ. ಮುಂಬಯಿಯದೇ ಆದ ಏಕ್ ಟೈಪ್ ತಂಡದ್ದು. ತೂಕ 100ರಿಂದ 800, ಅಗಲ ಶೇಕಡಾ 75ರಿಂದ 125, ಎರಡೂ ನಮ್ಮ ಕೈಯಲ್ಲಿ. ಪಿಸುಮಾತಿಗೆ 300, ಸಾಮಾನ್ಯ ಮಾತಿಗೆ 500, ಕೂಗಾಟಕ್ಕೆ 700. ಒಂದೇ ಕುಟುಂಬದಲ್ಲಿ ಮೂರು ದನಿ ಸಿಗುತ್ತವೆ. ಅದರ ಅಗಲದ ಗುಣ ಕನ್ನಡಕ್ಕೆ ಹೇಳಿ ಮಾಡಿಸಿದಂತಿದೆ. ‘ಹೋಗಬೇಕಾಗಿತ್ತಂತೆ’ ಎಂಬ ಒಂದು ಪದವೇ ಮಾತಿನ ಬಲೂನ್ ತುಂಬುವ ಭಾಷೆ ನಮ್ಮದು. ಅಂಥ ಕಡೆ ಇಡೀ ಬಲೂನಿನ ಅಕ್ಷರಗಳ ಅಗಲವನ್ನು 87ಕ್ಕೆ ಇಳಿಸಿದರೆ ಗೆರೆಯ ದಪ್ಪ ಹಾಳಾಗದೆ ಪದ ಕೂರುತ್ತದೆ. ಆ ಒಂದು ಪದವನ್ನು ಮಾತ್ರ ಅಡ್ಡಕ್ಕೆ ಹಿಚುಕಬೇಡಿ; ನಿಂತ ಗೆರೆಗಳು ಸಣಕಲಾಗಿ, ಮಲಗಿದ ಗೆರೆಗಳು ಹಾಗೇ ದಪ್ಪ ಉಳಿದು ಅಕ್ಷರ ಅಂದಗೆಡುತ್ತದೆ.

ಅದೇ ತಂಡದ ಬಲೂ ತಮ್ಮ 2 ದುಂಡಗೆ, ನಗುಮುಖದ್ದು, ಮಕ್ಕಳ ಕಥೆಗೆ ಒಪ್ಪುತ್ತದೆ. ಅದಕ್ಕೆ 400ರಿಂದ 800ರವರೆಗೆ ಐದು ತೂಕಗಳಿವೆ. ಮಾತಿಗೆ 400 ಅಥವಾ 500 ಸಾಕು. 800ನ್ನು ಶೀರ್ಷಿಕೆಗೆ ಇಟ್ಟುಕೊಳ್ಳಿ, ಸಣ್ಣ ಗಾತ್ರದಲ್ಲಿ ಸೀಳು ಮುಚ್ಚುತ್ತದೆ. ನೋಟೋ ಸ್ಯಾನ್ಸ್ ಕನ್ನಡ ತಪ್ಪು ಮಾಡುವುದಿಲ್ಲ, ಆದರೆ ಪಾತ್ರಗಳ ಬಾಯಲ್ಲಿ ಸರ್ಕಾರಿ ಫಾರಂ ಓದಿದ ಹಾಗೆ ಇರುತ್ತದೆ. ಕಥೆಯೊಳಗೆ ಕಾಗದ, ಪತ್ರಿಕೆ ತೋರಿಸಬೇಕಿದ್ದರೆ ಟೀರೋ ಕನ್ನಡ ಸರಿ. ಅಕಾಯ ಕನಡಕ ತಲೆಬರಹಕ್ಕೆ ಸೊಗಸು, ಸಂಭಾಷಣೆಗೆ ಬೇಡ. ಇವೆಲ್ಲ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಬರುವುದರಿಂದ ಕಾಮಿಕ್ ಮಾರಿದರೂ, ಪುಸ್ತಕ ಮಾಡಿದರೂ ದುಡ್ಡು ಕೊಡಬೇಕಿಲ್ಲ. ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೇ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ-ಸಂಖ್ಯೆಗಳ ಪಟ್ಟಿ) ಅಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳನ್ನು ಹೊಸ ಕೆಲಸಕ್ಕೆ ತರಬೇಡಿ. ಫೈಲು ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ.

ಮುಂಬಯಿ ಕಥೆಯಲ್ಲಿ ಮರಾಠಿ ಬಾರದೆ ಇರುವುದಿಲ್ಲ. ಸ್ಟೇಷನ್ ಬೋರ್ಡು, ತರಕಾರಿಯವಳ ಮಾತು, ಕಂಡಕ್ಟರನ ‘ಪುಢೇ ಚಲಾ’ ದೇವನಾಗರಿಯಲ್ಲಿ ಬರೆದರೆ ಕನ್ನಡದ ಪಕ್ಕ ಅದು ಕೂರಬೇಕು. ದೇವನಾಗರಿಗೆ ಮೇಲುಗೆರೆಯ ತೂಕ, ಕನ್ನಡಕ್ಕೆ ಹೊಟ್ಟೆಯ ತೂಕ. ಬೇರೆ ಬೇರೆ ಕಡೆಯ ಫಾಂಟ್ ತಂದು ಒಂದೇ ಗಾತ್ರ ಕೊಟ್ಟರೆ ಒಂದು ಕಿರುಚಿದಂತೆ, ಇನ್ನೊಂದು ಗೊಣಗಿದಂತೆ ಕಾಣುತ್ತದೆ. ಅನೇಕ್ ಮತ್ತು ಬಲೂ ಎರಡಕ್ಕೂ ದೇವನಾಗರಿ ಜೊತೆಗಾರ ಫಾಂಟ್‌ಗಳಿವೆ, ತೂಕದ ಅಂಕೆಗಳೂ ತಾಳೆಯಾಗುತ್ತವೆ. ‘8:47ರ ಸ್ಲೋ’ ಎಂದು ಗಾಡಿಯನ್ನು ಸಮಯದಿಂದಲೇ ಕರೆಯುವ ಊರಿದು, ಅಂಕೆಗಳೂ ಪದೇ ಪದೇ ಬರುತ್ತವೆ. ಅವು ಅಕ್ಷರಕ್ಕಿಂತ ಎದ್ದು ಕಾಣದಂತೆ ಒಂದೆರಡು ಪಿಕ್ಸೆಲ್ ಕಿರಿದು ಮಾಡಬೇಕಾಗಬಹುದು.

ಫಾಂಟ್ ಒಳ್ಳೆಯದಿದ್ದೂ ‘ಸ್ತ್ರೀ’ ಬದಲು ‘ಸ್‌ತ್‌ರೀ’ ಬಂದರೆ ತಪ್ಪು ಸಾಫ್ಟ್‌ವೇರಿನದು. ಒತ್ತಕ್ಷರಗಳಿಗೆ ಯೂನಿಕೋಡಿನಲ್ಲಿ ಬೇರೆ ಸಂಖ್ಯೆಗಳಿಲ್ಲ. ಅವು ಫಾಂಟಿನೊಳಗೆ ಇರುತ್ತವೆ, ಅವನ್ನು ಕರೆದು ಕೂಡಿಸುವುದು ಸಾಫ್ಟ್‌ವೇರಿನ ಕೆಲಸ. ಅಡೋಬಿಯ ಇಲ್ಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ‘ಶೋ ಇಂಡಿಕ್ ಆಪ್ಷನ್ಸ್’ ಆನ್ ಮಾಡಿ, ಪ್ಯಾರಾಗ್ರಾಫ್ ಪ್ಯಾನಲ್‌ನ ಮೆನುವಿನಲ್ಲಿ ಸೌತ್ ಏಷ್ಯನ್ ಕಂಪೋಸರ್ ಆರಿಸಿ. ಹಳೆಯ ಫೋಟೋಶಾಪ್‌ನಲ್ಲೂ ಟೈಪ್ ವಿಭಾಗದಲ್ಲೇ ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಆಯ್ಕೆ ಸಿಗುತ್ತದೆ; ಬದಲಿಸಿದ ಮೇಲೆ ಹೊಸ ಫೈಲಿನಲ್ಲಿ ನೋಡಿ. ಇಂಕ್‌ಸ್ಕೇಪ್ ಮತ್ತು ಗಿಂಪ್ ಯಾವ ಸೆಟ್ಟಿಂಗ್ ಇಲ್ಲದೆಯೂ ಸರಿಯಾಗಿ ಕೂಡಿಸುತ್ತವೆ. ನೀವು ಚಿತ್ರ ಬರೆಯುವ ಆ್ಯಪ್‌ಗೆ ಕನ್ನಡ ಬರದಿದ್ದರೆ ಮಾತುಗಳನ್ನು ಇಂಕ್‌ಸ್ಕೇಪ್‌ನಲ್ಲಿ ಜೋಡಿಸಿ, ಹಿನ್ನೆಲೆಯಿಲ್ಲದ ಪಿಎನ್‌ಜಿ ಮಾಡಿ ತಂದು ಕೂರಿಸಿ.

‘ಘಾಟ್‌ಕೋಪರ್’ ಹೋಗಿ ‘ಘಾಟ್ಕೋಪರ್’ ಆಗುವುದು ಇನ್ನೊಂದು ತಾಪತ್ರಯ. ಅರ್ಧಾಕ್ಷರದ ನಂತರ ಜೀರೋ ವಿಡ್ತ್ ನಾನ್-ಜಾಯ್ನರ್ ಎಂಬ ಅದೃಶ್ಯ ಅಕ್ಷರ ಇರಬೇಕು, ಆಗ ಮುಂದಿನದು ಒತ್ತಾಗಿ ಕೆಳಗಿಳಿಯುವುದಿಲ್ಲ. ಪಠ್ಯವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾಪಿ ಮಾಡುವಾಗ ಇದು ಬಿದ್ದುಹೋಗುವುದುಂಟು. ಮುಂಬಯಿ ಕನ್ನಡದಲ್ಲಿ ‘ಸ್ಟೇಷನ್‌ನಲ್ಲಿ’, ‘ದಾದರ್‌ಗೆ’ ಪುಟಕ್ಕೆ ನಾಲ್ಕು ಬರುವುದರಿಂದ ಕೊನೆಯಲ್ಲಿ ಒಂದು ಸಲ ಇದಕ್ಕಾಗಿಯೇ ಕಣ್ಣಾಡಿಸಿ.

ಸಾಲುಗಳ ನಡುವಿನ ಅಂತರಕ್ಕೆ ಅಡೋಬಿಯ ಆಟೋ ಅಂದರೆ 120 ಶೇಕಡಾ. ‘ಮಹಾರಾಷ್ಟ್ರ’ದ ಕೆಳಗೆ ‘ಕೀರ್ತಿ’ ಬಂದರೆ ಒತ್ತು ಹೋಗಿ ಗುಡಿಸಿಗೆ ಢಿಕ್ಕಿ ಹೊಡೆಯುತ್ತದೆ. 130ರಿಂದ 145 ಇಡಿ, ಇಡೀ ಕಾಮಿಕ್‌ಗೆ ಅದನ್ನೇ ಕಾಯ್ದುಕೊಳ್ಳಿ. ಢಿಕ್ಕಿ ಒಂದೇ ಕಡೆ ಇದ್ದರೆ ಅಂತರ ಬದಲಿಸುವುದಕ್ಕಿಂತ ಸಾಲು ಮುರಿಯುವ ಜಾಗ ಬದಲಿಸಿ. ಸಾಲನ್ನು ‘ಆ’, ‘ಈ’, ‘ಒಂದು’ಗಳ ಮೇಲೆ ಮುರಿಯಬಾರದು, ‘ಹೋಗಿ ಬರ್ತೀನಿ’ ಒಂದೇ ಉಸಿರಿನದು, ಬೇರೆ ಮಾಡಬಾರದು. ಸಾಲಿಗೆ ಎರಡು-ಮೂರು ಪದ, ಬಲೂನಿಗೆ ಹದಿನೈದರೊಳಗೆ. ಮೊದಲು ಮಾತು ಜೋಡಿಸಿ, ಆಮೇಲೆ ಅದರ ಸುತ್ತ ಬಲೂನ್ ಎಳೆಯಿರಿ. ಕೊನೆಯ ಸಾಲಿನಲ್ಲಿ ಒತ್ತೇ ಇಲ್ಲದಿದ್ದರೆ ಲೆಕ್ಕದ ಪ್ರಕಾರ ನಡುವಿಗಿಟ್ಟ ಮಾತು ಮೇಲಕ್ಕೆ ತೇಲಿದಂತೆ ಕಾಣುತ್ತದೆ, ಏಕೆಂದರೆ ಒತ್ತಿಗೆಂದು ಬಿಟ್ಟ ಜಾಗ ಖಾಲಿ ಇರುತ್ತದೆ. ಮೂರು-ನಾಲ್ಕು ಪಿಕ್ಸೆಲ್ ಕೆಳಗೆ ಇಳಿಸಿ.

ಢಮಾರ್, ಟಣ್, ಚರ್ರ್ ಇವನ್ನೆಲ್ಲ ಕೈಯಲ್ಲೇ ಬರೆಯಿರಿ. ಫಾಂಟಿನಿಂದ ತೆಗೆದ ಸದ್ದು ಚಿತ್ರಕ್ಕೆ ಅಂಟುವುದಿಲ್ಲ. ಮೇಲಿನಿಂದ ಕೆಳಕ್ಕೆ ಜೋಡಿಸುವಾಗ ಅಕ್ಷರವನ್ನು ಒತ್ತು, ಕೊಂಬು ಸಮೇತ ಇಡಿಯಾಗಿ ಇಳಿಸಿ.

ಉಳಿಸುವಾಗ ಪಿಎನ್‌ಜಿ. ಹೆಚ್ಚು ಕುಗ್ಗಿಸಿದ ಜೆಪೆಗ್ ಅಕ್ಷರದ ಅಂಚಿಗೆ ಬೂದು ಚುಕ್ಕೆ ತರುತ್ತದೆ, ಅದು ಮೊದಲು ತುಂಬುವುದು ಆ ಸೀಳನ್ನೇ. ಕಾಮಿಕ್ ಬಹಳಷ್ಟು ಮಂದಿಗೆ ತಲುಪುವುದು ವಾಟ್ಸಾಪ್ ಫಾರ್ವರ್ಡ್ ಆಗಿ, ಅದು ಉದ್ದನೆಯ ಚಿತ್ರವನ್ನು ಕುಗ್ಗಿಸುತ್ತದೆ. 800 ಅಗಲ, 4000 ಉದ್ದದ ಪಟ್ಟಿ 1600 ಉದ್ದಕ್ಕೆ ಇಳಿದರೆ ಅಗಲ ಉಳಿಯುವುದು 320, ನಿಮ್ಮ 36ರ ಅಕ್ಷರ 14 ಆಗಿರುತ್ತದೆ. ಹಂಚಲೆಂದೇ 1280 ಉದ್ದದ ತುಂಡುಗಳನ್ನು ಬೇರೆ ಮಾಡಿಟ್ಟುಕೊಳ್ಳಿ; ಯಾವ ಬಲೂನೂ ಎರಡು ತುಂಡಾಗದಂತೆ, ಚೌಕಗಳ ನಡುವಿನ ಖಾಲಿ ಜಾಗದಲ್ಲಿ ಕತ್ತರಿಸಿ.