ಚಂಡೀಗಢ: ಕಟ್ಟಡಕ್ಕೆ ಮೊದಲು ಕಾಗದ ನೋಡಿ

ನಮ್ಮ ಕಡೆಯ ಬಹುತೇಕ ಪ್ರವಾಸಿಗರಿಗೆ ಚಂಡೀಗಢವೆಂದರೆ ಶಿಮ್ಲಾ, ಮನಾಲಿಯ ದಾರಿಯಲ್ಲಿ ಸಿಗುವ ಒಂದು ಊರು. ಬೆಳಗ್ಗೆ ರಾಕ್ ಗಾರ್ಡನ್, ಸಂಜೆ ಸುಖನಾ ಕೆರೆ, ರಾತ್ರಿ ಬೆಟ್ಟದ ಬಸ್ಸು. ಅಷ್ಟೇ ಸಾಕು ಎನ್ನುವವರಿಗೆ ಈ ಬರಹದ ಅಗತ್ಯವಿಲ್ಲ. ಒಂದು ರಾಜಧಾನಿಯನ್ನು ಕಾಗದದ ಮೇಲೆ ಗೆರೆ ಎಳೆದು ಕಟ್ಟಿದವರು ಯಾರು, ಅವರ ನಕ್ಷೆಗಳು, ಪತ್ರಗಳು, ಮೇಜು ಕುರ್ಚಿಗಳು ಈಗ ಎಲ್ಲಿವೆ ಎಂದು ನೋಡುವ ಆಸೆಯಿಂದ ಹೊರಟವರಿಗೆ ನಾಲ್ಕು ಮಾತು ಹೇಳಬೇಕಾಗಿದೆ.

ಮೊದಲನೆಯದು ಕ್ರಮದ ಬಗ್ಗೆ. ಎಲ್ಲರೂ ಮೊದಲು ಕ್ಯಾಪಿಟಲ್ ಕಾಂಪ್ಲೆಕ್ಸ್‌ಗೆ ಓಡುತ್ತಾರೆ. ಹೈಕೋರ್ಟ್, ವಿಧಾನಸಭೆ, ಸಚಿವಾಲಯ ಇರುವುದು ಅಲ್ಲೇ. 2016ರಲ್ಲಿ ಯುನೆಸ್ಕೊ ಪ್ಯಾರಿಸ್ಸಿನ ವಾಸ್ತುಶಿಲ್ಪಿ ಲೆ ಕಾರ್ಬ್ಯೂಸಿಯೆಯ ಕೃತಿಗಳೆಂದು ಏಳು ದೇಶಗಳ 17 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಭಾರತದಿಂದ ಹೋದದ್ದು ಈ ತಾಣ. ಆದರೆ ಅಲ್ಲಿಂದ ಶುರು ಮಾಡಿದರೆ ಒಬ್ಬನೇ ಮಹಾಪುರುಷ ಊರನ್ನೆಲ್ಲ ಕಟ್ಟಿದ ಎಂಬ ಕಥೆಯೇ ತಲೆಯಲ್ಲಿ ಕೂರುತ್ತದೆ. ಕಾಗದಗಳನ್ನು ಮೊದಲು ನೋಡಿದರೆ ಆ ಕಥೆ ಹಾಗೆ ನಿಲ್ಲುವುದಿಲ್ಲ. ಇಲ್ಲಿನ ಬಡಾವಣೆಗಳಿಗೆ ಸೆಕ್ಟರ್ ಎನ್ನುತ್ತಾರೆ. ಹಾಗಾಗಿ ಮೊದಲು ಸೆಕ್ಟರ್ 10ರ ಸಂಗ್ರಹಾಲಯ, ಆಮೇಲೆ 19ರದು, ನಂತರ ಸೆಕ್ಟರ್ 5ರ ಮನೆ, ಕೊನೆಗೆ ಕ್ಯಾಪಿಟಲ್.

ಬೆಂಗಳೂರಿನಿಂದ ನೇರ ವಿಮಾನಗಳಿವೆ. ನಿಲ್ದಾಣ ಇರುವುದು ಮೊಹಾಲಿಯ ಬದಿಗೆ. ಸಮಯವಿರುವವರಿಗೆ ಯಶವಂತಪುರದಿಂದ ಹುಬ್ಬಳ್ಳಿಯ ಮೇಲೆ ಚಂಡೀಗಢದವರೆಗೂ ಹೋಗುವ ಸಂಪರ್ಕ ಕ್ರಾಂತಿ ರೈಲಿದೆ. ರೈಲಿನಲ್ಲೇ ಎರಡು ರಾತ್ರಿ ಕಳೆಯಬೇಕು, ದಿನವೂ ಹೊರಡುವುದಿಲ್ಲ. ದೆಹಲಿಗೆ ಹೋಗಿ ಶತಾಬ್ದಿ ಹಿಡಿದರೆ ಅಲ್ಲಿಂದ ಮೂರೂವರೆ ಗಂಟೆಯ ಹಾದಿ. ಫೆಬ್ರವರಿ, ಮಾರ್ಚ್ ಅಥವಾ ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಮಂಜು ಕವಿದು ರೈಲು, ವಿಮಾನ ಎರಡೂ ತಡವಾಗುತ್ತವೆ. ಮೇ, ಜೂನ್ ತಿಂಗಳಲ್ಲಿ ಆ ಕಾಂಕ್ರೀಟ್ ಅಂಗಳದಲ್ಲಿ ನಿಲ್ಲುವ ಸಾಹಸ ಬೇಡವೇ ಬೇಡ.

ಉಳಿಯಲು ಸೆಕ್ಟರ್ 22 ನೋಡಿ. ಸಾಧಾರಣ ದರದ ಹೋಟೆಲುಗಳು ಅಲ್ಲಿವೆ, ಸೆಕ್ಟರ್ 17ರ ಬಸ್ ನಿಲ್ದಾಣ ಎದುರಿಗೇ. ಈ ಊರಿನಲ್ಲಿ ಮೊದಲು ಜನವಸತಿಯಾದ ಭಾಗಗಳಲ್ಲಿ ಅದೂ ಒಂದು. ಅಲ್ಲಿನ ಕಿರಣ್ ಚಿತ್ರಮಂದಿರ, ಈ ಊರು ಕಟ್ಟಿದ ವಾಸ್ತುಶಿಲ್ಪಿಗಳಲ್ಲಿ ಒಬ್ಬರಾದ ಮ್ಯಾಕ್ಸ್‌ವೆಲ್ ಫ್ರೈ ಮಾಡಿದ್ದು. ಭೂಪಟದಲ್ಲಿ ಎಲ್ಲವೂ ಹತ್ತಿರ ಕಾಣುತ್ತದೆ, ನಂಬಬೇಡಿ. ಒಂದು ಸೆಕ್ಟರ್ ಅಂದರೆ 800 ಮೀಟರ್ ಅಗಲ, 1,200 ಮೀಟರ್ ಉದ್ದ. ಎರಡು ಸೆಕ್ಟರ್ ದಾಟುವಷ್ಟರಲ್ಲಿ ಕಾಲು ಸೋಲುತ್ತದೆ. ಆಟೊ ಹಿಡಿಯಿರಿ.

ಸೆಕ್ಟರ್ 10ರಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯದ ಆವರಣದಲ್ಲೇ ಚಂಡೀಗಢ ಆರ್ಕಿಟೆಕ್ಚರ್ ಮ್ಯೂಸಿಯಂ ಇದೆ. ಸೋಮವಾರ ಬಾಗಿಲು ಹಾಕಿರುತ್ತದೆ. ವಾರಾಂತ್ಯಕ್ಕೆ ಒಂದು ದಿನ ರಜೆ ಸೇರಿಸಿಕೊಂಡು ಬರುವವರು ಇದನ್ನು ನೆನಪಿಡಬೇಕು. ಜನ ಕಡಿಮೆ, ಗಡಿಬಿಡಿ ಇಲ್ಲ. ಇಲ್ಲಿ ಕಥೆ ಲಾಹೋರಿನಿಂದ ಶುರುವಾಗುತ್ತದೆ. ದೇಶ ವಿಭಜನೆಯಾದಾಗ ಲಾಹೋರ್ ಆಚೆಗೆ ಹೋಯಿತು, ಈಚೆಯ ಪಂಜಾಬಿಗೆ ರಾಜಧಾನಿಯೇ ಇರಲಿಲ್ಲ. ಹೊಸ ಊರಿನ ಮೊದಲ ನಕ್ಷೆ ಬರೆದವರು ಅಮೆರಿಕದ ಆಲ್ಬರ್ಟ್ ಮೇಯರ್. ಅವರ ಜೊತೆಗಾರ, ಪೋಲೆಂಡಿನ ಮ್ಯಾಥ್ಯೂ ನೊವಿಟ್ಸ್ಕಿ 1950ರ ಆಗಸ್ಟ್‌ನಲ್ಲಿ ಈಜಿಪ್ಟಿನಲ್ಲಿ ನಡೆದ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಗ ಆಡಳಿತಾಧಿಕಾರಿ ಪಿ. ಎನ್. ಥಾಪರ್ ಮತ್ತು ಮುಖ್ಯ ಎಂಜಿನಿಯರ್ ಪಿ. ಎಲ್. ವರ್ಮಾ ವಾಸ್ತುಶಿಲ್ಪಿಯನ್ನು ಹುಡುಕಿಕೊಂಡು ಯುರೋಪಿಗೆ ಹೊರಟರು. ಲಂಡನ್ನಿನಲ್ಲಿ ಫ್ರೈ ಮತ್ತು ಜೇನ್ ಡ್ರೂ ದಂಪತಿ ಒಪ್ಪಿದರು, ಪ್ಯಾರಿಸ್ಸಿನಲ್ಲಿ ಲೆ ಕಾರ್ಬ್ಯೂಸಿಯೆ ಒಪ್ಪಿದರು. ಆದರೆ ಲೆ ಕಾರ್ಬ್ಯೂಸಿಯೆ ಇಲ್ಲೇ ನೆಲೆಸಲು ತಯಾರಿರಲಿಲ್ಲ. ವರ್ಷಕ್ಕೆ ಎರಡು ಸಲ ಬಂದು ಹೋಗುವುದೆಂದು ಕರಾರಾಯಿತು. ಸ್ಥಳದಲ್ಲೇ ಉಳಿದು ಕೆಲಸ ಮಾಡಿಸಿದವರು ಅವರ ದಾಯಾದಿ ಸೋದರ ಪಿಯೆರ್ ಜೀನರೆ.

ಮೇಯರರ ನಕ್ಷೆಯ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲಿ. ಅದರಲ್ಲಿ ರಸ್ತೆಗಳು ಬಾಗಿ ಬೀಸಣಿಗೆಯ ಹಾಗೆ ಹರಡಿವೆ. ಪಕ್ಕದ ಲೆ ಕಾರ್ಬ್ಯೂಸಿಯೆಯ ನಕ್ಷೆಯಲ್ಲಿ ಅವೇ ರಸ್ತೆಗಳನ್ನು ಎಳೆದು ನೆಟ್ಟಗೆ ಮಾಡಲಾಗಿದೆ. ಮೇಲ್ಭಾಗದಲ್ಲಿ ಆಡಳಿತ ಕೇಂದ್ರ, ನಡುವೆ ಪೇಟೆ, ಊರಿನ ಉದ್ದಕ್ಕೂ ಹಸಿರು ಪಟ್ಟಿ, ಮನೆಗಳ ದೊಡ್ಡ ದೊಡ್ಡ ಗುಂಪು ಇವೆಲ್ಲ ಮೊದಲ ನಕ್ಷೆಯಲ್ಲೇ ಇದ್ದವು. ಎರಡನ್ನೂ ಒಟ್ಟಿಗೆ ನೋಡಿದವರು ಈ ಊರನ್ನು ಒಬ್ಬರ ಹೆಸರಿಗೆ ಬರೆದುಕೊಡಲು ಹಿಂಜರಿಯುತ್ತಾರೆ.

ನನ್ನ ಜೊತೆ ಬಂದಿದ್ದವನು ಅಣ್ಣ. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತನಾದವನು. ಅವನಿಗೆ ಚಿತ್ರಕ್ಕಿಂತ ನಕ್ಷೆಯ ಬಲಮೂಲೆಯ ಪುಟ್ಟ ಚೌಕದ ಮೇಲೆ ಕಣ್ಣು. ಬರೆದವರ ಸಹಿ, ತಪಾಸಣೆ ಮಾಡಿದವರ ಸಹಿ, ಅಳತೆಯ ಪ್ರಮಾಣ, ದಿನಾಂಕ ಇರುವ ಜಾಗ ಅದು. "ಅಣ್ಣ, ನೀನು ಚಿತ್ರ ನೋಡಲು ಬಂದಿದ್ದೀಯೋ, ಸಹಿ ನೋಡಲೋ?" ಎಂದು ಕೇಳಿದೆ. "ಸಹಿ ಹಾಕಿದವನು ತಾನೇ ಜವಾಬ್ದಾರ?" ಎಂದ. ಅವನ ಮಾತಿನಿಂದಾಗಿ ನಾನೂ ಮೂಲೆ ನೋಡಲು ಕಲಿತೆ. ನೀವೂ ನೋಡಿ. ಗೋಡೆಯ ಮೇಲಿನ ಫಲಕಗಳಲ್ಲಿ ಮೂರು ನಾಲ್ಕು ವಿದೇಶಿ ಹೆಸರುಗಳೇ ದೊಡ್ಡದಾಗಿ ಕಾಣುತ್ತವೆ. ಆದರೆ ಕೆಲಸ ಮಾಡಿದ ತಂಡದಲ್ಲಿ ಎಂ. ಎನ್. ಶರ್ಮಾ, ಆದಿತ್ಯ ಪ್ರಕಾಶ್, ಯೂಲಿ ಚೌಧರಿ, ಜೀತ್ ಮಲ್ಹೋತ್ರಾ, ಬಿ. ಪಿ. ಮಾಥುರ್, ಎ. ಆರ್. ಪ್ರಭಾವಾಲ್ಕರ್ ಇದ್ದರು. ಜೀನರೆಯ ನಂತರ ಮುಖ್ಯ ವಾಸ್ತುಶಿಲ್ಪಿಯಾದವರು ಶರ್ಮಾ. ಟ್ಯಾಗೋರ್ ಥಿಯೇಟರ್ ಆದಿತ್ಯ ಪ್ರಕಾಶರದು. ಜೀನರೆಯ ಜೊತೆ ಪೀಠೋಪಕರಣಗಳ ವಿನ್ಯಾಸದಲ್ಲೂ ಕೈಜೋಡಿಸಿದ ಯೂಲಿ ಚೌಧರಿ ಮುಂದೆ ಸರ್ಕಾರದಲ್ಲೇ ಮುಖ್ಯ ವಾಸ್ತುಶಿಲ್ಪಿಯ ಹುದ್ದೆಗೇರಿದರು. ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮುಂದೆ ಎಲ್ಲಿ ಹೋದರೂ ಉಪಯೋಗಕ್ಕೆ ಬರುತ್ತದೆ.

ಸೆಕ್ಟರ್ 19ರ ಲೆ ಕಾರ್ಬ್ಯೂಸಿಯೆ ಸೆಂಟರ್ ಇರುವುದು ಮಧ್ಯಮಾರ್ಗದ ಬದಿಯ ತಗ್ಗು ಕಟ್ಟಡದಲ್ಲಿ. ಊರು ಕಟ್ಟುವಾಗ ವಾಸ್ತುಶಿಲ್ಪಿಗಳ ಕಚೇರಿ ಅದೇ ಆಗಿತ್ತು, 2008ರಲ್ಲಿ ಸಂಗ್ರಹಾಲಯವಾಯಿತು. ಹೊರಗಿನಿಂದ ಯಾವುದೋ ತಾಲ್ಲೂಕು ಕಚೇರಿಯಂತಿದೆ, ಮುಂದೆ ಹೋಗಿಬಿಡುವ ಸಾಧ್ಯತೆಯೇ ಹೆಚ್ಚು. ಒಳಗೆ ನೆಹರೂ ಮತ್ತು ಅಧಿಕಾರಿಗಳ ಜೊತೆ ನಡೆದ ಪತ್ರವ್ಯವಹಾರ, ಛಾಯಾಚಿತ್ರ, ನಕ್ಷೆ, ಹಳೆಯ ಕುರ್ಚಿ ಮೇಜುಗಳಿವೆ. ಪತ್ರಗಳ ಮುಂದೆ ಅವಸರ ಬೇಡ. ಕಚೇರಿಯ ಕಾಗದದ ಮೇಲೆ ಟೈಪು ಹೊಡೆದ ಈ ಪುಟಗಳನ್ನು ಓದಿದರೆ, ವಾಸ್ತುಶಿಲ್ಪಿಯ ಬದುಕಿನ ಬಹುಪಾಲು ಗೆರೆ ಎಳೆಯುವುದರಲ್ಲಲ್ಲ, ಮಂಜೂರಾತಿ ಪಡೆಯುವುದರಲ್ಲೇ ಕಳೆಯುತ್ತದೆ ಎಂದು ತಿಳಿಯುತ್ತದೆ. ಇದನ್ನು ಅಣ್ಣನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕುರ್ಚಿಗಳದ್ದೇ ಒಂದು ಕಥೆ. ಕಾಲುಗಳು ತಲೆಕೆಳಗಾದ 'ವಿ' ಆಕಾರದಲ್ಲಿ ಕವಲೊಡೆದಿರುವ ತೇಗದ ಕುರ್ಚಿ, ಬೆತ್ತ ಹೆಣೆದ ಕೂರುವ ಜಾಗ. ಜೀನರೆಯ ತಂಡ ಇವುಗಳನ್ನು ಸರ್ಕಾರಿ ಕಚೇರಿ, ಕಾಲೇಜು, ನ್ಯಾಯಾಲಯಗಳಿಗೆಂದು ಮಾಡಿಸಿತ್ತು. ಮುರಿದವನ್ನು ಇಲಾಖೆಗಳು ಗುಜರಿಯ ದರಕ್ಕೆ ಹರಾಜು ಹಾಕಿದವು; ಕೊಂಡವರು ದುರಸ್ತಿ ಮಾಡಿ ಯುರೋಪು, ಅಮೆರಿಕದ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಇವುಗಳ ಮಾರಾಟಕ್ಕೆ ತಡೆ ಹಾಕಿತು. ಹತ್ತಿರದಿಂದ ನೋಡಿದರೆ ಕೆಲವು ಕುರ್ಚಿಗಳ ಹಿಂಬದಿಯಲ್ಲಿ ಬಿಳಿ ಬಣ್ಣದ ಅಕ್ಷರ, ಅಂಕಿಗಳು ಕಾಣುತ್ತವೆ. ಯಾವ ವಿಭಾಗದ ಎಷ್ಟನೆಯ ಕುರ್ಚಿ ಎಂದು ದಾಸ್ತಾನು ವಹಿಯ ಗುಮಾಸ್ತ ಬರೆಸಿದ್ದು. ಇಂದು ವಿದೇಶದಲ್ಲಿ ಕೊಳ್ಳುವವರು ಇದು ಅಸಲಿಯೇ ಎಂದು ಪರೀಕ್ಷಿಸುವಾಗ ಹುಡುಕುವುದು ಆ ಬಿಳಿ ಅಕ್ಷರಗಳನ್ನೇ. ವಿನ್ಯಾಸಕಾರನ ಸಹಿ ಇಲ್ಲದ ಕುರ್ಚಿಗೆ ಗುಮಾಸ್ತನ ಬರಹವೇ ದಾಖಲೆ. ಅಣ್ಣ ಇದನ್ನು ಕೇಳಿ ಬಹಳ ಹೊತ್ತು ನಕ್ಕ.

ರಸ್ತೆಯಲ್ಲಿ ನಡೆಯುವಾಗ ಆಗಾಗ ನೆಲವನ್ನೂ ನೋಡಿ. ಚರಂಡಿಗೆ ಮುಚ್ಚಿದ ಹಳೆಯ ಎರಕದ ಕಬ್ಬಿಣದ ಮುಚ್ಚಳಗಳ ಮೇಲೆ ಊರಿನ ನಕ್ಷೆಯೇ ಅಚ್ಚಾಗಿದೆ. ಅವೂ ಹರಾಜಿನ ಪಾಲಾಗಿವೆ. ಉಳಿದವು ದಿನದಿನಕ್ಕೆ ಸವೆಯುತ್ತಿವೆ.

ಜೀನರೆ ವಾಸವಿದ್ದ ಸೆಕ್ಟರ್ 5ರ ಮನೆಯನ್ನು 2017ರಲ್ಲಿ ಸಂಗ್ರಹಾಲಯ ಮಾಡಿದ್ದಾರೆ. ಸುಖನಾ ಕೆರೆಗೆ ಸಮೀಪವಿದೆ. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಹೆಚ್ಚು ಮನಸ್ಸಿಗೆ ಹಿಡಿಸಿದ್ದು ಇದೇ. ಸರ್ಕಾರಿ ನೌಕರರ ಮನೆಗಳನ್ನು ಹುದ್ದೆಯ ದರ್ಜೆಗೆ ತಕ್ಕಂತೆ ಹದಿಮೂರು ಬಗೆಯಾಗಿ ವಿಂಗಡಿಸಿದ್ದರು. ಹಳೆಯ ನಕ್ಷೆಗಳಲ್ಲಿ ಅಂಕಿ ದರ್ಜೆಯನ್ನೂ ಅಕ್ಷರ ವಿನ್ಯಾಸಕಾರರನ್ನೂ ಸೂಚಿಸುತ್ತದೆ. ಈ ಮನೆ '4-ಜೆ', ಅಂದರೆ ನಾಲ್ಕನೆಯ ದರ್ಜೆ, ಜೀನರೆಯದು. ಇಟ್ಟಿಗೆಯ ಜಾಲಂಧ್ರ, ಹೊಳೆಯ ಉರುಟು ಕಲ್ಲಿನ ಗೋಡೆ, ಮಿತಿಯಾದ ಅಳತೆಯ ಕೋಣೆಗಳು. ಹಗ್ಗ, ಬಿದಿರು, ಕಬ್ಬಿಣದ ಸರಳಿನಿಂದ ಅಗ್ಗದ ಪೀಠೋಪಕರಣ ಮಾಡುವುದು, ಸುಖನಾ ಕೆರೆಗೆ ಪೆಡಲ್ ದೋಣಿ ಮಾಡುವುದು ಈ ಮನುಷ್ಯನ ಹವ್ಯಾಸಗಳಾಗಿದ್ದವು. 1965ರಲ್ಲಿ ಅನಾರೋಗ್ಯದಿಂದ ಸ್ವಿಟ್ಜರ್ಲೆಂಡಿಗೆ ಮರಳಿದರು, 1967ರಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಸುಖನಾದಲ್ಲೇ ಬಿಟ್ಟರು. ಊರಿನ ಹೆಸರು ಬಂದಾಗಲೆಲ್ಲ ಇವರ ಹೆಸರು ಎರಡನೆಯದಾಗಿ ಬರುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ಇಷ್ಟಾದ ಮೇಲೆ ಕ್ಯಾಪಿಟಲ್. ಇದು ಕೆಲಸ ನಡೆಯುವ ಸರ್ಕಾರಿ ಆವರಣ, ಬಿಗಿ ಕಾವಲು ಇದೆ. ಸುಮ್ಮನೆ ಒಳಗೆ ನುಗ್ಗಲು ಆಗುವುದಿಲ್ಲ. ಸೆಕ್ಟರ್ 1ರ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಹೆಸರು ಬರೆಸಿದರೆ ನಿಗದಿತ ಹೊತ್ತಿಗೆ ಗೈಡ್ ಜೊತೆ ಕರೆದೊಯ್ಯುತ್ತಾರೆ. ಫೋಟೊ ಇರುವ ಗುರುತಿನ ಚೀಟಿಯ ಅಸಲು ಪ್ರತಿ ಬೇಕೇ ಬೇಕು. ಹೊತ್ತು ಬದಲಾಗುತ್ತಿರುವುದರಿಂದ ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಅಧಿವೇಶನ ನಡೆಯುವಾಗ ವಿಧಾನಸಭೆಯ ಒಳಗೆ ಬಿಡುತ್ತಾರೆಂದು ಎಣಿಸಬೇಡಿ. ಟೋಪಿ, ನೀರು ಜೊತೆಗಿರಲಿ. ಅಂಗಳ ವಿಶಾಲ, ನೆರಳು ಇಲ್ಲವೇ ಇಲ್ಲ ಎನ್ನಬಹುದು.

ಹೈಕೋರ್ಟ್ ಮುಂದಿನ ಹಸಿರು, ಹಳದಿ, ಕೆಂಪು ಕಂಬಗಳ ಫೋಟೊಗಳನ್ನು ನೀವು ಈಗಾಗಲೇ ನೋಡಿರುತ್ತೀರಿ. ನಾನು ಹೇಳುವುದು ವಿಧಾನಸಭೆಯ ಬಗ್ಗೆ. ಸಭಾಂಗಣದ ದುಂಡು ಗೋಪುರದ ಹೊಳಹು ಲೆ ಕಾರ್ಬ್ಯೂಸಿಯೆಗೆ ಹೊಳೆದದ್ದು ಅಹಮದಾಬಾದಿನಲ್ಲಿ ಕಂಡ ವಿದ್ಯುತ್ ಸ್ಥಾವರದ ಶೀತಲೀಕರಣ ಗೋಪುರಗಳಿಂದ. 1966ರಲ್ಲಿ ಹರಿಯಾಣ ಬೇರೆಯಾದ ಮೇಲೆ ವಿಧಾನ ಪರಿಷತ್ತಿಗೆಂದು ಕಟ್ಟಿದ ಸಭಾಂಗಣದಲ್ಲಿ ಹರಿಯಾಣದ ಶಾಸಕರು ಕೂರತೊಡಗಿದರು. ಒಂದೇ ಸೂರಿನಡಿ ಎರಡು ವಿಧಾನಸಭೆ. ಕಾಂಕ್ರೀಟಿನ ಮೇಲ್ಮೈಯನ್ನು ಕೈಯಿಂದ ಮುಟ್ಟಿ ನೋಡಿ. ಗಾರೆ ಇಲ್ಲ, ಬಣ್ಣ ಇಲ್ಲ, ಸೆಂಟ್ರಿಂಗ್ ಅಚ್ಚಿನ ಗೆರೆಗಳು ಹಾಗೇ ಇವೆ. ಒಂದು ಸಾಲು ಮತ್ತೊಂದಕ್ಕೆ ಸರಿಯಾಗಿ ಕೂಡಿಲ್ಲದ ಕಡೆ ಅಣ್ಣ ಬೆರಳಿಟ್ಟು, "ಇಲ್ಲಿ ಒಂದು ದಿನದ ಕೆಲಸ ಮುಗಿದಿದೆ, ಮಾರನೆಯ ದಿನ ಮುಂದುವರಿಸಿದ್ದಾರೆ" ಎಂದ. ತಲೆಯ ಮೇಲೆ ಬಾಂಡಲಿ ಹೊತ್ತು ಕಾಂಕ್ರೀಟು ಸಾಗಿಸಿದ ಹೆಂಗಸರ ಹಳೆಯ ಛಾಯಾಚಿತ್ರಗಳಿವೆ, ಅವರ ಹೆಸರು ಯಾವ ನಕ್ಷೆಯ ಮೂಲೆಯಲ್ಲೂ ಇಲ್ಲ. ತೆರೆದ ಹಸ್ತದ ಸ್ಮಾರಕ ನಿಂತದ್ದು 1985ರಲ್ಲಿ, ಲೆ ಕಾರ್ಬ್ಯೂಸಿಯೆ ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲೆ. ರಾಜ್ಯಪಾಲರ ಅರಮನೆ ಮಾತ್ರ ನಕ್ಷೆಯಲ್ಲೇ ಉಳಿಯಿತು.

ಸಮಯ ಉಳಿದರೆ ಪಂಜಾಬ್ ವಿಶ್ವವಿದ್ಯಾಲಯದ ಗಾಂಧಿ ಭವನ ಬಿಡಬೇಡಿ. ಕೊಳದ ನಡುವೆ ಜೀನರೆ ಮಾಡಿದ ಪುಟ್ಟ ಕಟ್ಟಡ.

ಇನ್ನೂ ಆಳಕ್ಕೆ ಇಳಿಯಬೇಕು ಎನ್ನುವವರಿಗೆ, ಅದರಲ್ಲೂ ಹೊರದೇಶಗಳಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಈ ಊರಿನ ಕಾಗದಗಳಲ್ಲಿ ದೊಡ್ಡ ಪಾಲು ಈ ಊರಿನಲ್ಲಿಲ್ಲ. ಲೆ ಕಾರ್ಬ್ಯೂಸಿಯೆಯ ನಕ್ಷೆ, ಪತ್ರ, ಟಿಪ್ಪಣಿ ಪುಸ್ತಕಗಳು ಪ್ಯಾರಿಸ್ಸಿನಲ್ಲಿ ಅವರ ಹೆಸರಿನ ಪ್ರತಿಷ್ಠಾನದಲ್ಲಿವೆ. ಜೀನರೆಯ ಸಂಗ್ರಹ ಮಾಂಟ್ರಿಯಲ್ಲಿನ ಕೆನೇಡಿಯನ್ ಸೆಂಟರ್ ಫಾರ್ ಆರ್ಕಿಟೆಕ್ಚರ್ ಸೇರಿದೆ. ಆದಿತ್ಯ ಪ್ರಕಾಶರ ಕಾಗದಗಳೂ ಅಲ್ಲೇ. ಮೇಯರರ ಭಾರತದ ಕಡತಗಳು ಷಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಫ್ರೈ, ಡ್ರೂ ದಂಪತಿಯ ಕಾಗದಗಳಿಗೆ ಲಂಡನ್ನಿನ ಬ್ರಿಟಿಷ್ ವಾಸ್ತುಶಿಲ್ಪಿಗಳ ರಾಯಲ್ ಸಂಸ್ಥೆಯಲ್ಲಿ ಕೇಳಬೇಕು. ಇಂಥ ಕಡೆ ಮುಂಚಿತವಾಗಿ ಪತ್ರ ಬರೆದು, ಯಾವ ಕಟ್ಟಡದ ಯಾವ ವರ್ಷದ ಕಾಗದ ಬೇಕೆಂದು ಖಚಿತವಾಗಿ ತಿಳಿಸಿದರೆ ಮಾತ್ರ ಹೋದ ದಿನ ಕೈಗೆ ಏನಾದರೂ ಸಿಗುತ್ತದೆ. 'ಚಂಡೀಗಢದ ಬಗ್ಗೆ ಇರುವುದೆಲ್ಲ' ಎಂದು ಬರೆದರೆ ಪೆಟ್ಟಿಗೆಗಳ ಪಟ್ಟಿಯಷ್ಟೇ ಬರುತ್ತದೆ. ಊರಿನಲ್ಲಿದ್ದೇ ನೋಡುವವರಿಗೆ ಪ್ಯಾರಿಸ್ ಮತ್ತು ಮಾಂಟ್ರಿಯಲ್ ಸಂಸ್ಥೆಗಳ ಜಾಲತಾಣಗಳಲ್ಲಿ ಸಾಕಷ್ಟು ಚಿತ್ರಗಳಿವೆ. ರೈಲಿನ ಟಿಕೆಟ್ ಮಾಡಿಸುವ ಮೊದಲೇ ಅವುಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಯಾವ ಗೋಡೆಯ ಮುಂದೆ ನಿಲ್ಲಬೇಕೆಂದು ಗುರುತು ಹಾಕಿಕೊಳ್ಳಿ.