ಮಾವ ಸ್ಯಾಂಪಲ್ ಫ್ಲ್ಯಾಟಿನಲ್ಲಿ ಮಲಗಿದ್ದು

ಮೊನ್ನೆ ಪಾಡ್ವಾ ದಿನ, ಅಂದರೆ ಮರಾಠಿಗರ ಯುಗಾದಿಯಂದು, ಮುಂಬಯಿ ಹೊರಗಿನ ಡೊಂಬಿವಲಿ ಆಚೆಗಿನ ಒಂದು ಸೈಟಿನಲ್ಲಿ ನಮ್ಮ ಮಾವ ಸ್ಯಾಂಪಲ್ ಫ್ಲ್ಯಾಟಿನ ಮಂಚದ ಮೇಲೆ ಮಲಗಿಬಿಟ್ಟರು. ಕೂತದ್ದಲ್ಲ, ಮಲಗಿದ್ದು. ಕನ್ನಡಕ ತೆಗೆದು ಜೇಬಿಗೆ ಹಾಕಿ, ಕೈ ಎರಡೂ ಎದೆ ಮೇಲೆ ಇಟ್ಟುಕೊಂಡು. ಪಾದಗಳು ಮಂಚದಿಂದ ಹೊರಗೆ. ಮಾವ ಎತ್ತರದ ಆಳೇನೂ ಅಲ್ಲ, ಹೆಚ್ಚೆಂದರೆ ಐದೂವರೆ ಅಡಿ.

“ಅಂಕಲ್, ಅದು ಸುಮ್ನೆ ತೋರಿಸೋಕೆ ಇಟ್ಟಿರೋದು” ಎಂದ ಸೇಲ್ಸ್ ಹುಡುಗ, ಹಿಂದಿಯಲ್ಲಿ.

“ನಾನೂ ನೋಡೋಕೇ ಬಂದದ್ದು ಮಾರಾಯ” ಎಂದರು ಮಾವ, ಮಲಗಿದಲ್ಲಿಂದಲೇ.

ಹಿಂದೆ ಕಾಯುತ್ತಿದ್ದ ಮರಾಠಿ ಕುಟುಂಬ ನಕ್ಕಿತು. ನನ್ನ ಗಂಡ ಮಾತ್ರ ಮುಖ ಕೆಂಪು ಮಾಡಿಕೊಂಡು ಕಿಟಕಿ ಕಡೆ ತಿರುಗಿದರು. ಇಎಂಐ ಲೆಕ್ಕ ಬಿಟ್ಟರೆ ಅವರಿಗೆ ಆ ಮನೆಯಲ್ಲಿ ಬೇರೇನೂ ಕಂಡಿರಲಿಲ್ಲ. ಟೋಕನ್ ಕೊಡಲು ಚೆಕ್ ಪುಸ್ತಕ ಬೇರೆ ತಂದಿದ್ದರು.

ಪಾಡ್ವಾ ಅಂದರೆ ಇಲ್ಲಿ ಸಾಡೇತೀನ್, ಎಂದರೆ ಮೂರೂವರೆ ಶುಭ ಮುಹೂರ್ತಗಳಲ್ಲಿ ಒಂದು. ಮನೆ, ಬಂಗಾರ, ಗಾಡಿ, ಎಲ್ಲದಕ್ಕೂ ಇದೇ ದಿನ ಬೇಕು. ಸೈಟ್ ಆಫೀಸಿನ ಬಾಗಿಲಲ್ಲೇ ಗುಡಿ ಏರಿಸಿದ್ದರು. ರೇಷ್ಮೆ ಸೀರೆ, ಬೇವಿನ ಸೊಪ್ಪು, ಸಕ್ಕರೆ ಹಾರ, ಮೇಲೆ ಬೋರಲು ಕಲಶ. ಇವತ್ತೇ ಬುಕ್ ಮಾಡಿದರೆ ಜಿಎಸ್‌ಟಿ ನಾವೇ ಕಟ್ತೀವಿ ಎಂದ ಹುಡುಗ. ಕಟ್ಟುತ್ತಿರುವ ಫ್ಲ್ಯಾಟಿಗೆ ಜಿಎಸ್‌ಟಿ ಇದೆ, ಅಗ್ಗದ ಮನೆಗೆ ಶೇ 1, ಉಳಿದವಕ್ಕೆ ಶೇ 5. ವಾಸಕ್ಕೆ ಯೋಗ್ಯ ಅನ್ನುವ ಓಸಿ ಪತ್ರ ಸಿಕ್ಕ ಮೇಲೆ ಕೊಂಡರೆ ಅದು ಇಲ್ಲವೇ ಇಲ್ಲ. ಹೆಂಗಸರ ಹೆಸರಿಗೆ ಮಾಡಿದರೆ ಸ್ಟಾಂಪ್ ಡ್ಯೂಟಿಯಲ್ಲಿ ಶೇ 1 ಕಡಿಮೆ ಅಂತಲೂ ಹೇಳಿದ. ಅವನು ನನ್ನ ಮುಖ ನೋಡಿ ಮಾತಾಡಿದ್ದು ಆಗೊಮ್ಮೆ ಮಾತ್ರ.

“ಆಫರ್ ಪಾಡ್ವಾ ತನಕ ಅಷ್ಟೇ” ಎಂದಾಗ ಮಾವ, “ನಮ್ಮ ಹೊಸ ವರ್ಷ ಬಿಸು, ಏಪ್ರಿಲ್ ಮಧ್ಯಕ್ಕೆ. ಆಗ ಏನು ಕೊಡ್ತೀಯ?” ಎಂದರು. ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ.

ಕಾಗದದಲ್ಲಿ ಮೋಸ ಏನೂ ಇಲ್ಲ, ಅದನ್ನೂ ಹೇಳಬೇಕು. ಮನೆ ಕೊಳ್ಳುವವರ ರಕ್ಷಣೆಯ ಕಾನೂನು ರೇರಾ ಬಂದ ಮೇಲೆ ಕಾರ್ಪೆಟ್ ಏರಿಯಾ, ಅಂದರೆ ಗೋಡೆಗಳೊಳಗೆ ಬಳಸಲು ಸಿಗುವ ಜಾಗದ ಲೆಕ್ಕದಲ್ಲೇ ಮಾರಬೇಕು. ಜಾಹೀರಾತಿನ ಮೂಲೆಯಲ್ಲಿ ಮಹಾರಾಷ್ಟ್ರದ ರೇರಾ ಪ್ರಾಧಿಕಾರ ಮಹಾರೇರಾದ ಕ್ಯೂಆರ್ ಕೋಡ್ ಇತ್ತು, 2023ರಿಂದ ಅದು ಕಡ್ಡಾಯ. ಆದರೆ ಕಾನೂನು ಗೋಡೆ ಅಳೆಯುತ್ತದೆ, ಮಂಚ ಅಳೆಯುವುದಿಲ್ಲ. ಕೋಣೆ ದೊಡ್ಡದಾಗಿ ಕಾಣಲಿ ಅಂತ ಮಂಚವನ್ನೇ ಚಿಕ್ಕದು ಮಾಡಿಸಿದ್ದರು. ಒಳಗಿನ ಕೋಣೆಗಳಿಗೆ ಬಾಗಿಲೇ ಇರಲಿಲ್ಲ. ಬಾಗಿಲು ತೆರೆಯೋಕೆ ಜಾಗ ಬೇಕಲ್ಲ! ಒಂದು ಗೋಡೆ ಪೂರ್ತಿ ಕನ್ನಡಿ. ಬಟ್ಟೆ ಒಣಗಿಸುವ ಹಗ್ಗ ಇಲ್ಲ, ಅಕ್ಕಿ ಡಬ್ಬ ಇಲ್ಲ, ಊರಿಂದ ಬಂದವರ ಸೂಟ್‌ಕೇಸ್ ಇಡಲು ಜಾಗ ಇಲ್ಲ. ಅಲ್ಲಿ ಯಾರೂ ವಾಸ ಮಾಡುವುದಿಲ್ಲ, ಹಾಗಾಗಿ ಚೆನ್ನಾಗಿ ಕಾಣುತ್ತದೆ.

ಮಾವ ಹುಡುಗನಾಗಿದ್ದಾಗಲೇ ಊರು ಬಿಟ್ಟು ಬಂದು ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಹೋಟೆಲಿಗೆ ಸೇರಿದವರು. ಸಂಜೆ ಕನ್ನಡ ರಾತ್ರಿ ಶಾಲೆ, ಆಮೇಲೆ ಶಟರ್ ಎಳೆದು ಎರಡು ಟೇಬಲ್ ಜೋಡಿಸಿ ನಿದ್ದೆ. ಎಷ್ಟು ಉದ್ದದ ಹಲಗೆ ಮೇಲೆ ಮೈ ಹಿಡಿಯುತ್ತದೆ ಅಂತ ಅವರಿಗೆ ಟೇಪ್ ಹಿಡಿದು ಹೇಳಬೇಕಿಲ್ಲ. ಮಲಗಿ ಎದ್ದು, ಕನ್ನಡಕ ಹಾಕಿಕೊಂಡು ಹುಡುಗನನ್ನೇ ಕೇಳಿದರು: “ನೀನು ಎಲ್ಲಿ ಮಲಗೋದು?”

ಅವನು ಮೊದಲ ಸಲ ಬ್ರೋಷರ್ ಕೆಳಗಿಟ್ಟ. ದಿವಾದಲ್ಲಿ ಒಂದು ರೂಮು, ಐದು ಜನ. ಇಬ್ಬರಿಗೆ ನೈಟ್ ಶಿಫ್ಟ್, ಅದಕ್ಕೇ ಜಾಗ ಸಾಲುತ್ತದೆ ಎಂದ. “ನಮ್ಮದೂ ಹಾಗೇ ಇತ್ತು” ಎಂದು ಮಾವ ಅವನ ಭುಜ ತಟ್ಟಿದರು. ಲಕ್ಷಗಟ್ಟಲೆ ಬೆಲೆಯ ಮನೆಯಲ್ಲಿ ನಿಂತು, ಆ ಮನೆ ಕೊಳ್ಳಲಾಗದ ಒಬ್ಬ ಹುಡುಗ, ಕೊಳ್ಳಲು ಹೆದರುವ ನಮಗೆ ಅದನ್ನು ಮಾರಬೇಕು. ಅವನ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೇ ಹೋಯಿತು. ಆ ಪುಟ್ಟ ಮಂಚ ಮಾಡಿಸಿದವರ ಮೇಲಿನ ಸಿಟ್ಟು ಹೋಗಿಲ್ಲ.

ಈಗ ಅವನು ದಿನಾ ಫೋನ್ ಮಾಡುತ್ತಾನೆ. ಆಫರ್ ಇನ್ನೂ ಇದೆಯಂತೆ, ಪಾಡ್ವಾ ಮುಗಿದರೂ! ಫೋನ್ ಎತ್ತುವುದು ಮಾವ. ಆರೂಕಾಲು ಅಡಿ ಮಂಚ ಹಾಕಿದರೆ ಕಪಾಟಿನ ಬಾಗಿಲು ಪೂರ್ತಿ ತೆರೆಯುತ್ತದಾ ಅಂತ ಕೇಳುತ್ತಾರೆ. ಸಾಹೇಬರನ್ನು ಕೇಳಿ ಹೇಳ್ತೀನಿ ಅನ್ನುತ್ತಾನೆ. ಆಮೇಲೆ ಊಟ ಆಯ್ತಾ ಅಂತ ಇಬ್ಬರೂ ವಿಚಾರಿಸಿಕೊಳ್ಳುತ್ತಾರೆ. ಚೆಕ್ ಪುಸ್ತಕ ಕಪಾಟಿಗೆ ವಾಪಸ್ ಹೋಗಿದೆ. ಬರುವ ಭಾನುವಾರ ಠಾಕುರ್ಲಿಯಲ್ಲಿ ಒಂದು ಹಳೇ ಫ್ಲ್ಯಾಟ್ ನೋಡುವುದಿದೆ, ಜನ ವಾಸ ಇರುವಂಥದ್ದು.